ಬಿಳಿ ಪುಡಿಗೆ ಬೇರೆ ಕೋಣೆ ಕೇಳಿದ ರಾಫಿಯಾ

ಪಾಣೆಮಂಗಳೂರಿನಲ್ಲಿ ರಾಫಿಯಾ ಎಂದು ಕೇಳಿದರೆ ಜನ ಯಾವ ರಾಫಿಯಾ ಎನ್ನುತ್ತಾರೆ. ಪುಡಿ ವಾಪಸು ಮಾಡಿದ ರಾಫಿಯಾ ಎಂದರೆ ಮಾತ್ರ ನಮ್ಮ ಓಣಿಯ ಕಡೆ ಕೈ ತೋರಿಸುತ್ತಾರೆ. ಕೆಲವರು ನಗುತ್ತಾ ತೋರಿಸುತ್ತಾರೆ, ಕೆಲವರು ಮುಖ ಗಂಟು ಹಾಕಿಕೊಂಡು ತೋರಿಸುತ್ತಾರೆ. ಬರೆದಿಡಲಿಕ್ಕೆ ಅವಳೇನು ಪಂಚಾಯತು ಮೆಂಬರಾ, ಟೀಚರಾ ಎಂದು ಕೇಳುವವರೂ ಇದ್ದಾರೆ. ಎರಡೂ ಅಲ್ಲ. ಬೀಡಿ ಕಟ್ಟಿದವಳು. ನಾನೂ ಬೀಡಿ ಕಟ್ಟಿದವಳೇ. ನಾನು ಬರೆಯದಿದ್ದರೆ ಅವಳ ಬಗ್ಗೆ ಮತ್ತೆ ಯಾರು ಬರೆಯುತ್ತಾರೆ?

ಅವಳ ಮನೆ ನನ್ನ ಮನೆಯ ಎದುರು. ನಡುವೆ ಒಂದು ಆಟೋ ಹೋಗುವಷ್ಟೇ ಜಾಗ. ನನ್ನ ಯಜಮಾನರು ತೀರಿಕೊಂಡ ವರ್ಷ ಒಂದು ಬೆಳಿಗ್ಗೆ ಅವಳು ಎಲೆ, ತಂಬಾಕು, ಕತ್ತರಿ ಎಲ್ಲವನ್ನೂ ಗೆರಸೆಯಲ್ಲಿ ಇಟ್ಟುಕೊಂಡು ಬಂದು ನನ್ನ ಜಗಲಿಯಲ್ಲಿ ಕೂತಳು. ಕೇಳಲಿಲ್ಲ, ಹೇಳಲಿಲ್ಲ. "ನಿಮ್ಮ ಜಗಲಿಯಲ್ಲಿ ಬೆಳಕು ಒಳ್ಳೆಯದುಂಟು ಕಾಂತಿಅಕ್ಕ" ಎಂದಳು, ಅಷ್ಟೆ. ಬೆಳಕು ಅವಳ ಜಗಲಿಯಲ್ಲೇ ಹೆಚ್ಚಿತ್ತು. ಒಬ್ಬಳೇ ಕೂತ ಹೆಂಗಸಿಗೆ ಜೊತೆಯಾಗಲು ಬಂದಿದ್ದಾಳೆ ಎಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಅವಳ ಗಂಡ ಹನೀಫಾನ ಎದೆ.

ಹನೀಫಾ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಮೆಷಿನಿನ ಹಿಂದೆ ನಡೆದು ಪ್ರಾಯ ಕಳೆದವನು. ಆಗೆಲ್ಲ ಸಂಜೆ ಅವನು ಓಣಿಗೆ ಬಂದರೆ ಹುಬ್ಬಿನಿಂದ ಚಪ್ಪಲಿಯವರೆಗೆ ಒಂದೇ ಬಣ್ಣ. ಮೂಗಿಗೆ ಬಟ್ಟೆ ಕಟ್ಟಿದರೆ ಜೊತೆಯವರು ಹೆಣ್ಣು ಎಂದು ನಗುತ್ತಾರೆಂದು ಕಟ್ಟುತ್ತಿರಲಿಲ್ಲ. ಈಗ ಎರಡು ಮಾತಾಡಿದರೆ ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕು. ಹೊಗೆ, ಧೂಳು ಅವನ ಹತ್ತಿರ ಬರಲೇಬಾರದು ಎಂದು ಡಾಕ್ಟರು ಹೇಳಿದ ದಿನವೇ ರಾಫಿಯಾ ತಂಬಾಕಿನ ಚೀಲವನ್ನು ಮನೆಯಿಂದ ಹೊರಗೆ ಹಾಕಿದಳು. ನನ್ನ ಜಗಲಿಗೆ ಬಂದದ್ದು ಹಾಗೆ.

ಅವಳು ನೋಡಲು ಕುಳ್ಳಗೆ, ಮಾತು ಮಾತ್ರ ಎತ್ತರ. ನಮ್ಮೊಳಗೆ ಮಾತು ತುಳುವಿನಲ್ಲೇ. ಸಿಟ್ಟು ಬಂದಾಗ ಅವಳದು ಬ್ಯಾರಿ ಭಾಷೆ. ಇಷ್ಟು ವರ್ಷ ಒಟ್ಟಿಗೆ ಕೂತು ಅವಳ ಬೈಗುಳಗಳನ್ನೆಲ್ಲ ನಾನು ಕಲಿತೆ, ಅವಳು ನನ್ನಿಂದ ಪತ್ರೊಡೆ ಮಾಡಲು ಕಲಿತಳು. ಮೀನಿನ ತಲೆ ಬೆಕ್ಕಿಗೆ ಹಾಕುವಾಗಲೂ ಬೈದೇ ಹಾಕುತ್ತಿದ್ದಳು.

ಕಂಪೆನಿಯ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ವೆಂಕಪ್ಪ ಅವಳಿಗೆ ಹೆದರುತ್ತಿದ್ದ. ನಾವು ಕಟ್ಟಿದ ಬೀಡಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಚೆನ್ನಾಗಿಲ್ಲದ್ದನ್ನು ಮುರಿದು ಬಿಸಾಡುವುದು ಅವನ ಕೆಲಸ. ಒಮ್ಮೆ ರಾಫಿಯಾಳ ಒಂದು ಹಿಡಿಯನ್ನು ಪಕ್ಕಕ್ಕೆ ತಳ್ಳಿದ.

"ಇದರಲ್ಲಿ ಎಂತ ಆಗಿದೆ ವೆಂಕಪ್ಪಣ್ಣ?"

"ಎಲೆ ಸಣ್ಣದು."

"ಎಲೆ ನಾನು ಹೆತ್ತದ್ದಾ? ನೀವೇ ಕೊಟ್ಟದ್ದಲ್ವಾ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ವೆಂಕಪ್ಪ ಆ ಹಿಡಿಯನ್ನು ಮೆಲ್ಲಗೆ ಈಚೆ ಎಳೆದುಕೊಂಡ. ಅಂದಿನಿಂದ ಅವಳ ಸರದಿ ಬಂದಾಗ ಅವನಿಗೆ ಎಲ್ಲಿಂದಲೋ ಫೋನು ಬರುತ್ತಿತ್ತು.

ಆಮೇಲೆ ಬೀಡಿಯ ಕೆಲಸವೇ ಬತ್ತಿತು. ಮೊದಲು ವಾರದ ಎಲೆ ಅರ್ಧವಾಯಿತು, ಮತ್ತೆ ಅದರರ್ಧ. ಕೊನೆಗೆ ವೆಂಕಪ್ಪ ಬ್ರಾಂಚಿಗೆ ಬೀಗ ಹಾಕಿ, ಇನ್ನು ಮೇಲೆ ಸಿಗುವ ಸ್ವಲ್ಪ ಎಲೆಯನ್ನು ಮಾಣಿ ಊರಿನ ಬ್ರಾಂಚಿನಲ್ಲಿ ತೆಗೆದುಕೊಳ್ಳಿ ಎಂದ. ಆಗ ಬಂದವನು ರಂಜಿತ್.

ರಂಜಿತ್ ನನಗೆ ದೂರದ ಸಂಬಂಧಿ. ನನ್ನನ್ನು ದೊಡ್ಡಮ್ಮ ಎಂದು ಕರೆಯುತ್ತಾನೆ. ಅವರದು ದೊಡ್ಡ ಮನೆತನ, ನಮ್ಮದು ಅದೇ ಹೆಸರಿನ ಸಣ್ಣ ಮನೆ. ಗಲ್ಫಿನಲ್ಲಿ ಕೆಲಸ ಮಾಡಿ ಬಂದು, ಗುರುವಾಯನಕೆರೆಯ ಹತ್ತಿರ ಶೆಡ್ಡು ಹಾಕಿ, ದನಗಳಿಗೆ ಹಿಂಡಿಯ ಜೊತೆ ಕೊಡುವ ಖನಿಜ ಮಿಶ್ರಣ ಮಾಡುತ್ತಿದ್ದ. ಅದಕ್ಕೆ ಸೇರುವ ಒಂದು ಬಿಳಿ ಪುಡಿಯನ್ನು ಬೇರೆಯಾಗಿಯೂ ಸಣ್ಣ ಪ್ಯಾಕೆಟು ಮಾಡಿ ಹಾಲಿನ ಸೊಸೈಟಿಗಳಿಗೆ ಮಾರುವ ಅಂದಾಜು ಅವನದು.

"ಮೆಗ್ನೀಸಿಯಂ ಪುಡಿ ದೊಡ್ಡಮ್ಮ. ಹಾಲು ಕೊಡುವ ದನಕ್ಕೆ ಒಳ್ಳೆಯದು. ವಿಷ ಗಿಷ ಎಂತದೂ ಇಲ್ಲ. ತೂಕ ಮಾಡಿ ತುಂಬಿಸುವುದು, ಬಾಯಿ ಅಂಟಿಸುವುದು. ಬೀಡಿಯ ಹಾಗೆ ಸೊಂಟ ಮುರಿಯುವ ಕೆಲಸ ಅಲ್ಲ. ಮನೆಯಲ್ಲೇ ಕೂತು ಮಾಡಬಹುದು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಇತ್ತು.

ರಂಜಿತ್ ಬಾಡಿಗೆಗೆ ಗೊತ್ತು ಮಾಡಿದ ನಿಝಾಮನ ಆಟೋದಲ್ಲಿ ಮನೆಮನೆಗೆ ಚೀಲ ಬಂತು. ತೂಕದ ಮೆಷಿನು, ಪ್ಲಾಸ್ಟಿಕ್ಕಿನ ಬಾಯಿ ಅಂಟಿಸುವ ಮೆಷಿನು ಎಲ್ಲ ಬಂತು. ಬೀಡಿ ಕಟ್ಟುವ ಮನೆಗಳಲ್ಲಿ ಒಂದು ಎಲೆಮೂಲೆ ಇರುತ್ತದೆ. ಬೀಡಿಯ ಎಲೆ ಒಣಗಿದರೆ ಸುತ್ತುವಾಗ ಸೀಳುತ್ತದೆ, ಅದಕ್ಕೆ ತಂಪು ಬೇಕು. ಹಾಗಾಗಿ ಬಚ್ಚಲಿನ ಗೋಡೆಗೆ ತಾಗಿದ ಮೂಲೆಯಲ್ಲಿ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಡುವುದು. ನನ್ನ ಅತ್ತೆ ಹಾಗೆ ಇಟ್ಟಿದ್ದರು, ನಾನೂ ಹಾಗೆ ಇಟ್ಟೆ. ಕೆಲಸದ ಸಾಮಾನು ಮನೆಗೆ ಬಂದರೆ ಕಾಲು ತಾನಾಗಿ ಆ ಮೂಲೆಗೆ ಹೋಗುತ್ತದೆ. ಓಣಿಯ ಒಬ್ಬಳೂ ಯೋಚಿಸಲಿಲ್ಲ. ಎಲ್ಲರ ಪುಡಿಚೀಲವೂ ಎಲೆಮೂಲೆಯಲ್ಲೇ ಕೂತಿತು. ಅದು ಬೇರೆ ಆಟಿ ತಿಂಗಳ ಜೋರು ಮಳೆ. ಉಪ್ಪಿನ ಭರಣಿಯೂ ನೀರು ಬಿಡುವ ಕಾಲ.

ಆ ಪುಡಿಯ ಸ್ವಭಾವವೇ ಬೇರೆ. ಅಕ್ಕಿಹಿಟ್ಟು ಚಮಚದಲ್ಲಿ ಎತ್ತಿದರೆ ಚಮಚದಲ್ಲಿ ನಿಲ್ಲುತ್ತದೆ. ಇದು ಎತ್ತುವ ಮೊದಲೇ ಏಳುತ್ತದೆ. ದೇವರ ಪಟದ ಗಾಜಿನ ಮೇಲೆ, ತೊಳೆದು ಬೋರಲು ಹಾಕಿದ ಪಾತ್ರೆಯ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ ಕೂರುತ್ತದೆ. ಓಣಿಯ ಕೊನೆಯ ಮನೆಯ ತೃಪ್ತಿ, ಮದುವೆಯಾಗಿ ಬಂದು ಹೆಚ್ಚು ಕಾಲವಾಗದ ಹುಡುಗಿ, "ಇನ್ನು ಪೌಡರ್ ತರುವ ಖರ್ಚಿಲ್ಲ ನನಗೆ" ಎಂದು ಕನ್ನಡಿ ನೋಡಿ ನಗುತ್ತಿದ್ದಳು. ಮೂಗಿನೊಳಗೆ ಉರಿ, ಗಂಟಲಲ್ಲಿ ಕೆರೆತ. ತಂಬಾಕಿನ ಘಾಟಿನಲ್ಲಿ ಬೆಳೆದವರು ನಾವು, ಇದೇನು ಮಹಾ ಎಂದು ಸುಮ್ಮನಿದ್ದೆವು. ರಾಫಿಯಾ ಮಾತ್ರ ಕಾಂತಿಅಕ್ಕನ ಜಗಲಿಯಲ್ಲೇ ತುಂಬಿಸುತ್ತೇನೆ ಎಂದು ಹಟ ಮಾಡಿದಳು. ಆದರೆ ಜಗಲಿಯಲ್ಲಿ ಗಾಳಿ ಪುಡಿಯನ್ನು ಎತ್ತಿಕೊಂಡು ಹೋಗುತ್ತಿತ್ತು, ಮಳೆಯ ಎರಚಲು ಪ್ಯಾಕೆಟಿನೊಳಗೆ ಬೀಳುತ್ತಿತ್ತು. ಬೇರೆ ದಾರಿಯಿಲ್ಲದೆ ತನ್ನ ಮನೆಯೊಳಗೆ ಹೋದಳು. ಗಂಡನ ಮಂಚವಿದ್ದ ಕೋಣೆಯ ಬಾಗಿಲಿಗೆ ಹಳೆಯ ಸೀರೆ ಕಟ್ಟಿದಳು.

ಕೆಲವು ದಿನ ಕಳೆಯುವಾಗ ಎಲೆಮೂಲೆಯ ತಂಪು ತನ್ನ ಕೆಲಸ ಮಾಡಿತು. ಪುಡಿ ಗಟ್ಟಿಯಾಗಿ ಹೆಂಟೆಹೆಂಟೆಯಾಯಿತು. ಒಂದು ಮಧ್ಯಾಹ್ನ ರಾಫಿಯಾಳ ಸೊಸೆ, ಮೂಡುಬಿದಿರೆಯ ಹುಡುಗಿ, ಪಾಪ, ಅತ್ತೆಗೆ ಸಹಾಯವಾಗಲಿ ಎಂದು ಆ ಹೆಂಟೆಗಳನ್ನು ಅಡಿಗೆಕೋಣೆಯ ಕಲ್ಲಿನಲ್ಲಿ ಹಾಕಿ ಕುಟ್ಟಿದಳು. ನಾನು ನನ್ನ ಮನೆಯಿಂದ ನೋಡುವಾಗ ಅವರ ಕಿಟಕಿಯಿಂದ ಬಿಳಿ ಹೊಗೆ ಬಂದ ಹಾಗಾಯಿತು. ಬೆಂಕಿ ಬಿತ್ತೆಂದು ಓಡಿದೆ.

ಬೆಂಕಿ ಇರಲಿಲ್ಲ. ಹನೀಫಾ ಮಂಚದಿಂದ ಅರ್ಧ ಎದ್ದು ಗೋಡೆಗೆ ಕೈ ಊರಿಕೊಂಡಿದ್ದ. ಕೆಮ್ಮಲೂ ಉಸಿರು ಸಾಲದೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ. ತುಟಿ ನೀಲಿಯಾಗಿತ್ತು. ರಾಫಿಯಾ ಮತ್ತು ನಾನು ಅವನನ್ನು ಹೊತ್ತು ಜಗಲಿಗೆ ತಂದೆವು, ನಿಝಾಮನ ಆಟೋ ಬಂಟ್ವಾಳದ ಆಸ್ಪತ್ರೆಗೆ ಓಡಿತು. ಮೂಗಿಗೆ ಗಾಳಿ ಹಾಕಿ, ಔಷಧದ ಆವಿ ಕೊಟ್ಟು, ಮರುದಿನ ಸಂಜೆ ಬಿಟ್ಟರು. ಇನ್ನೊಮ್ಮೆ ಹೀಗಾದರೆ ಇಲ್ಲಿಯವರೆಗೆ ತಲುಪುತ್ತಾರೆಂಬ ಧೈರ್ಯವಿಲ್ಲ ಎಂದು ಅಲ್ಲಿಯ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು ಹೇಳಿದರು.

ಮನೆಗೆ ಬಂದ ಹನೀಫಾ ಸೊಸೆ ಅಳುವುದನ್ನು ನೋಡಿ ತಮಾಷೆ ಮಾಡಿದ. "ಕೆಂಪು ಪುಡಿ ಆಯ್ತು, ಬಿಳಿ ಪುಡಿ ಆಯ್ತು. ಇನ್ನು ಎಂತ ಬಣ್ಣದ್ದು ತರ್ತೀರಿ?"

ರಾಫಿಯಾ ನಗಲಿಲ್ಲ. ಒದ್ದೆ ಬಟ್ಟೆಯಿಂದ ಗೋಡೆ, ನೆಲ, ಪಾತ್ರೆ ಎಲ್ಲ ಒರಸಿದಳು. ಉಳಿದ ಪುಡಿಯ ಚೀಲಕ್ಕೆ ಒಳಗಿನ ಪ್ಲಾಸ್ಟಿಕ್ಕನ್ನು ತಿರುಚಿ ಒಂದು ಕಟ್ಟು, ಹೊರಗೆ ಇನ್ನೊಂದು ಕಟ್ಟು ಹಾಕಿದಳು.

"ಇದು ಇನ್ನು ನನ್ನ ಮನೆಯೊಳಗೆ ಬರುವುದಿಲ್ಲ ಕಾಂತಿಅಕ್ಕ."

"ಕೆಲಸ ಬಿಡ್ತೀಯಾ ಹಾಗಾದರೆ?"

"ಕೆಲಸ ಯಾಕೆ ಬಿಡುವುದು? ಕೆಲಸ ಬೇಕು. ಪುಡಿ ಮನೆಗೆ ಬೇಡ."

"ಎರಡೂ ಹೇಗೆ ಆಗ್ತದೆ ಮಾರಾಯ್ತಿ?"

"ಆಗಬೇಕು" ಎಂದಳು.

ಮರುದಿನವೇ ಬಿ.ಸಿ. ರೋಡಿನಿಂದ ಬಸ್ಸು ಹಿಡಿದು ಗುರುವಾಯನಕೆರೆಗೆ ಹೊರಟೆವು. ಚೀಲ ಅವಳ ಕಾಲ ಬುಡದಲ್ಲಿ.

"ಎಂತ ಅದು, ಹಿಟ್ಟಾ?" ಎಂದು ಕಂಡಕ್ಟರು ಕೇಳಿದ.

"ದನದ ಟಾನಿಕ್ಕು. ನಿನಗೆ ಬೇಡ, ನಿನ್ನಿಂದಲೂ ಹಾಲು ಕರೆಯಲಿಕ್ಕೆ ಶುರು ಮಾಡಿಯಾರು."

ರಂಜಿತನ ಶೆಡ್ಡನ್ನು ಅದೇ ಮೊದಲ ಸಲ ನೋಡಿದ್ದು. ಬಾಗಿಲಲ್ಲೇ ನಿಂತುಬಿಟ್ಟೆವು. ಒಂದು ಚೀಲವೂ ನೆಲದ ಮೇಲಿಲ್ಲ. ಎಲ್ಲದಕ್ಕೂ ಕೆಳಗೆ ಮರದ ಹಲಗೆ. ಗೋಡೆಗೂ ಚೀಲಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ದಾಟುವಷ್ಟು ಜಾಗ. ಬಿಚ್ಚಿದ ಚೀಲವನ್ನು ಮುಚ್ಚಳವಿರುವ ಡ್ರಮ್ಮಿನೊಳಗೆ ಇಟ್ಟಿದ್ದರು. ಕೆಲಸದ ಗಂಡಸರ ಮೂಗು ಬಾಯಿಗೆ ಗಟ್ಟಿ ಮಾಸ್ಕು, ಕಣ್ಣಿಗೆ ಕನ್ನಡಕ. ಪೊರಕೆ ಕಾಣಲಿಲ್ಲ. ನೆಲಕ್ಕೆ ಬಿದ್ದದ್ದನ್ನು ಒಂದು ಮೆಷಿನು ಹೀರುತ್ತಿತ್ತು. ಬಾಗಿಲ ಪಕ್ಕ ಕಣ್ಣು ತೊಳೆಯಲೆಂದೇ ಒಂದು ನಲ್ಲಿ. ನೀಲಿ ಬಣ್ಣದ ಬೇರೊಂದು ಪುಡಿ ಇದಕ್ಕೆ ಬೆರೆಯಬಾರದೆಂದು ಅದಕ್ಕೆ ಬೇರೆಯೇ ಕೋಣೆ.

ರಂಜಿತ್ ನಗುತ್ತಾ ಬಂದ. "ಬನ್ನಿ ದೊಡ್ಡಮ್ಮ, ಬನ್ನಿ ರಾಫಿಯಾಕ್ಕ. ಚಾ ಕುಡಿಯುವ."

"ಇಲ್ಲೇ ಕುಡಿಯಬಹುದಾ ರಂಜಿತಣ್ಣ?"

"ಇಲ್ಲಿ ಬೇಡ, ಆಫೀಸಿನಲ್ಲಿ. ಇದರೊಳಗೆ ತಿನ್ನುವುದು ಕುಡಿಯುವುದು ಇಟ್ಟುಕೊಂಡಿಲ್ಲ."

"ಯಾಕೆ?"

"ಪುಡಿ ಬೀಳ್ತದಲ್ಲ."

"ನಮ್ಮಲ್ಲಿ ಪುಡಿ ತುಂಬಿಸುವ ಕೋಣೆಯಲ್ಲೇ ಅನ್ನ ಬೇಯುವುದು" ಎಂದಳು ರಾಫಿಯಾ.

ಅವನ ನಗು ಸ್ವಲ್ಪ ಸಣ್ಣದಾಯಿತು. ಅವಳು ಹನೀಫಾನಿಗೆ ಆದದ್ದನ್ನು ಹೇಳಿದಳು. ಅಳಲಿಲ್ಲ, ಕೈ ಮುಗಿಯಲಿಲ್ಲ. ಅಂಗಡಿಗೆ ಕೊಳೆತ ತೆಂಗಿನಕಾಯಿ ಹಿಂದೆ ಕೊಡುವವಳ ಹಾಗೆ ಹೇಳಿದಳು.

"ಅಯ್ಯೋ ಪಾಪ. ನನಗೆ ಗೊತ್ತೇ ಇರಲಿಲ್ಲ. ಆದರೆ ಇದು ಟನ್ನುಗಟ್ಟಲೆ ಇಡುವ ಜಾಗ ರಾಫಿಯಾಕ್ಕ, ಕಾನೂನು ಕಟ್ಟಳೆ ಎಲ್ಲ ಉಂಟು. ನಿಮ್ಮಲ್ಲಿ ಇರುವುದು ಒಂದು ಚೀಲ."

"ನಮ್ಮಲ್ಲಿ ಇರುವುದೂ ಒಂದೇ ಅಡಿಗೆಕೋಣೆ."

"ಈಗ ನಾನು ಎಂತ ಮಾಡಬೇಕು ಹೇಳಿ."

"ಪಾಣೆಮಂಗಳೂರಿನಲ್ಲಿ ಒಂದು ಕೋಣೆ ಮಾಡಿ. ಇದೇ ಹಲಗೆ, ಇದೇ ಮಾಸ್ಕು, ಇದೇ ನಲ್ಲಿ. ನಾವು ಅಲ್ಲಿಗೆ ಬಂದು ತುಂಬಿಸ್ತೇವೆ. ಮನೆಗೆ ಒಂದು ಚಿಟಿಕೆಯೂ ಬರುವುದು ಬೇಡ."

ಅವನು ತಲೆ ಕೆರೆದುಕೊಂಡ. ಮನೆಯಲ್ಲಿ ಮಾಡುವ ಕೆಲಸ ಎಂದೇ ಲೆಕ್ಕ ಹಾಕಿದ್ದು, ಕೋಣೆ ಕರೆಂಟು ಎಂದರೆ ತನಗೆ ಪೂರೈಸುವುದಿಲ್ಲ ಎಂದ. "ಬೇಡದಿದ್ದರೆ ಬಿಡಿ, ಒತ್ತಾಯ ಇಲ್ಲ. ಮಾಣಿಯ ಹೆಂಗಸರು ಕೆಲಸ ಕೊಡಿ ಅಂತ ಕೇಳ್ತಾ ಇದ್ದಾರೆ."

"ಮಾಣಿಯವರು ಉಸಿರು ತೆಗೆಯುವುದಿಲ್ವಾ?"

ಆಗ ಅವನು ನನ್ನ ಕಡೆ ತಿರುಗಿದ. "ದೊಡ್ಡಮ್ಮ, ನೀವಾದರೂ ಹೇಳಿ. ನಮ್ಮವರೇ ಹೀಗೆ ಮಾಡಿದರೆ ಹೇಗೆ?"

ನಮ್ಮವರು ಎನ್ನುವ ಮಾತು ಅವನ ಬಾಯಲ್ಲಿ ಕೇಳಿದ್ದು ನನಗೆ ಅದೇ ಮೊದಲು. ಅವನ ಮದುವೆಗೆ ಓಣಿಯ ಈ ದೊಡ್ಡಮ್ಮನಿಗೆ ಕರೆ ಬಂದಿರಲಿಲ್ಲ. "ಅವಳೊಟ್ಟಿಗೆ ಬಸ್ಸಿನಲ್ಲಿ ಬಂದದ್ದು ನಾನು, ಅವಳೊಟ್ಟಿಗೇ ಹೋಗ್ತೇನೆ" ಎಂದೆ. ಚೀಲವನ್ನು ಒಂದು ಹಲಗೆಯ ಮೇಲೆ ಇಟ್ಟು, ಚಾ ಕುಡಿಯದೆ ಬಂದೆವು.

ಮುಂದಿನ ವಾರ ನಿಝಾಮನ ಆಟೋ ನಮ್ಮ ಓಣಿಗೆ ಬರಲಿಲ್ಲ, ಚೀಲ ಹೇರಿಕೊಂಡು ಮಾಣಿಗೆ ಹೋಯಿತು. ಎಲ್ಲರ ಕೆಲಸವೂ ನಿಂತಿತು. ಬೈಗುಳ ಎಲ್ಲ ರಾಫಿಯಾಳ ಬಾಗಿಲಿಗೆ ಬಂತು. ತೃಪ್ತಿ ಓಣಿಯ ನಡುವೆ ನಿಂತು ಸೊಂಟಕ್ಕೆ ಕೈ ಇಟ್ಟು ಕೇಳಿದಳು.

"ನಿಮ್ಮ ಗಂಡನಿಗೆ ಕೆಮ್ಮು ಅಂತ ಊರಿನವರೆಲ್ಲ ಕೆಲಸ ಬಿಟ್ಟು ಕೂರಬೇಕಾ?"

"ನನ್ನ ಗಂಡನೂ ನಿನ್ನ ಗಂಡನ ಪ್ರಾಯದಲ್ಲಿ ಕೆಮ್ಮುತ್ತಿರಲಿಲ್ಲ" ಎಂದು ರಾಫಿಯಾ ತಿರುಗಿಸಿ ಹೇಳಿದಳು.

ತೃಪ್ತಿ ದಡಬಡ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಅವಳು ನಮ್ಮಿಬ್ಬರನ್ನು ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದಳು. ಉಳಿದವರು ಮುಖ ತಿರುಗಿಸಲಿಲ್ಲ, ಮಾತೂ ಆಡಲಿಲ್ಲ. ರಾಫಿಯಾಳ ಸೊಸೆ ಬಟ್ಟೆಯಂಗಡಿಯಲ್ಲಿ ಕೆಲಸ ಕೇಳಲು ಹೋಗಿ ಬರಿಗೈಯಲ್ಲಿ ಬಂದಳು.

ಮನೆಯೊಳಗಿನ ಮಾತು ಅವಳಿಗೆ ಹೆಚ್ಚು ತಾಗಿತು ಎಂದು ನನಗೆ ಗೊತ್ತು. ಜಗಲಿಯಲ್ಲಿ ನಾನಿರುವಾಗಲೇ ಹನೀಫಾ ನಿಲ್ಲಿಸಿ ನಿಲ್ಲಿಸಿ ಹೇಳಿದ. "ಮೂಡುಬಿದಿರೆಯಲ್ಲಿ... ಸೊಸೆಯ ತಾಯಿಮನೆ ಉಂಟು. ನನ್ನನ್ನು ಅಲ್ಲಿ ಬಿಡು. ನೀನು ಪುಡಿ ತರಿಸು. ನಾಲ್ಕು ಜನರ ಶಾಪ... ಯಾಕೆ?"

ರಾಫಿಯಾ ಸೌತೆಕಾಯಿ ಹೆಚ್ಚುತ್ತಿದ್ದಳು. ಕತ್ತಿ ನಿಂತಿತು.

"ನಿಮ್ಮನ್ನು ಕಳಿಸಿ ಪುಡಿಯನ್ನು ಇಟ್ಟುಕೊಳ್ಳಬೇಕಾ? ನಿಖಾ ಆದದ್ದು ನಾನು ಯಾರೊಟ್ಟಿಗೆ?"

ಹನೀಫಾ ನಗಲು ಹೋಗಿ ಕೆಮ್ಮಿದ. ಅವಳು ನೀರು ಕೊಟ್ಟು, ಬೆನ್ನು ನೀವಿ, ನನ್ನ ಕಡೆ ನೋಡಿ, "ನಾಡಿದ್ದು ಮಾಣಿಯಲ್ಲಿ ಬೀಡಿ ತೆಗೆದುಕೊಳ್ಳುವ ದಿನ ಅಲ್ವಾ ಕಾಂತಿಅಕ್ಕ? ಹೋಗುವ" ಎಂದಳು.

ಮಾಣಿಯ ಬ್ರಾಂಚಿನ ಎದುರು ಹೆಂಗಸರ ಸಾಲು ರಸ್ತೆಯ ಬದಿಯವರೆಗೆ ಇತ್ತು. ಪ್ರತಿಯೊಬ್ಬಳ ಕಂಕುಳಲ್ಲೂ ಬೀಡಿಯ ಚೀಲ. ನಾವೂ ನಮ್ಮ ಸ್ವಲ್ಪ ಬೀಡಿ ಹಿಡಿದು ಸಾಲಿನಲ್ಲಿ ನಿಂತೆವು. ಸಾಲಿನಲ್ಲಿ ನಿಂತ ಹೆಂಗಸಿನ ಹತ್ತಿರ ಮಾತು ತೆಗೆಯುವುದು ಸುಲಭ. ರಾಫಿಯಾ ಮುಂದಿನವಳ ಮಗಳ ಹೆರಿಗೆ ವಿಚಾರಿಸಿ, ಹಿಂದಿನವಳ ಸೊಂಟನೋವು ವಿಚಾರಿಸಿ, ಪುಡಿಯ ವಿಷಯಕ್ಕೆ ಬಂದಳು.

ನೀಲಿ ಕೊಡೆ ಹಿಡಿದ ಒಬ್ಬಳು ಕೂಡಲೇ ಮುನಿದಳು. "ನಿಮ್ಮದು ಹೋಯ್ತು ಅಂತ ನಮ್ಮದನ್ನೂ ಕಳೆಯಲಿಕ್ಕೆ ಬಂದದ್ದಾ ನೀವು?"

"ಕೆಲಸ ಬಿಡಿ ಅಂತ ನಾನು ಹೇಳಲೇ ಇಲ್ಲ. ಬಿಡಬೇಡಿ. ಅದಿರಲಿ, ನಿನ್ನ ಚೀಲ ಎಲ್ಲಿಟ್ಟಿದ್ದೀ?"

"ಎಲ್ಲಿ ಇಡುವುದು? ಎಲೆಮೂಲೆಯಲ್ಲಿ."

ನಾನೂ ರಾಫಿಯಾಳೂ ಒಬ್ಬರನ್ನೊಬ್ಬರು ನೋಡಿ ಜೋರಾಗಿ ನಕ್ಕೆವು. ನೀಲಿ ಕೊಡೆಯವಳಿಗೆ ಸಿಟ್ಟು ಇನ್ನೂ ಏರಿತು.

"ನಗಬೇಡಿ ಅಂತ ಹೇಳಿ ಯಾರಾದರೂ ಇವರಿಗೆ."

"ನಿನ್ನನ್ನು ನೋಡಿ ನಗುವುದಲ್ಲ ಮಾರಾಯ್ತಿ. ನಾವೂ ಅಲ್ಲೇ ಇಟ್ಟವರು. ಗಟ್ಟಿ ಆಯ್ತಾ?"

ಅವಳು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಹಿಂದಿನಿಂದ ಇನ್ನೊಬ್ಬಳ ಸ್ವರ ಬಂತು. "ನನ್ನದು ಗಟ್ಟಿ ಆಗಿದೆ. ನಿನ್ನೆ ಕುಟ್ಟಿದೆ. ಕಣ್ಣು ಇಡೀ ಉರಿ."

"ನೀರು ಹಾಕಿದೆಯಾ?"

"ಸೆರಗಿನಲ್ಲಿ ಉಜ್ಜಿದೆ."

"ಉಜ್ಜಬೇಡ. ನೀರು ಬಿಡು, ತುಂಬಾ ಹೊತ್ತು ಬಿಡು. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗು. ಕುಟ್ಟುವುದಂತೂ ಬೇಡವೇ ಬೇಡ."

ಮತ್ತೆ ಒಬ್ಬೊಬ್ಬರದಾಗಿ ಹೊರಬಂತು. ಒಬ್ಬಳ ಮನೆಯಲ್ಲಿ ಅಜ್ಜಿ ಅದನ್ನು ಸುಣ್ಣವೆಂದು ನೀರಲ್ಲಿ ಕಲಸಿ ವೀಳ್ಯದೆಲೆಗೆ ಹಚ್ಚಿ, ಬಾಯಿ ಕೆಂಪಾಗಲಿಲ್ಲವೆಂದು ಅಡಿಕೆ ಕೊಟ್ಟವನನ್ನು ಬೈದಿದ್ದರಂತೆ. ಇನ್ನೊಬ್ಬಳ ತಮ್ಮನಿಗೆ ದಮ್ಮಿನ ಉಪದ್ರ, ವಾರದಿಂದ ಮಲಗಿಲ್ಲ. ರಾಫಿಯಾ ಯಾರಿಗೂ ಭಾಷಣ ಮಾಡಲಿಲ್ಲ. ರಂಜಿತನ ಶೆಡ್ಡಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹಲಗೆ, ಡ್ರಮ್ಮು, ಮಾಸ್ಕು, ಕಣ್ಣು ತೊಳೆಯುವ ನಲ್ಲಿ. "ದನಕ್ಕೆ ಇದ್ದ ಹಾಗೆ ಅವರ ಪುಡಿಗೆ ಅಲ್ಲಿ ಒಂದು ಹಟ್ಟಿ ಉಂಟು, ಚಂದದ್ದು. ಇಲ್ಲಿಯೂ ಒಂದು ಹಟ್ಟಿ ಕೇಳಿ. ನಾವು ಪಾಣೆಮಂಗಳೂರಿನವರು ಕೇಳಿ ಆಗಿದೆ. ನೀವು ಮನೆಯಲ್ಲೇ ತುಂಬಿಸಿ ಕೊಡುವಷ್ಟು ದಿನ ಕೋಣೆ ನಮಗೂ ಸಿಗುವುದಿಲ್ಲ, ನಿಮಗೂ ಸಿಗುವುದಿಲ್ಲ."

ನೀಲಿ ಕೊಡೆಯವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬಸ್ಸಿನಲ್ಲಿ ಹಿಂದೆ ಬರುವಾಗ ರಾಫಿಯಾ ಟಿಕೇಟನ್ನು ಮಡಚಿ ಬಿಡಿಸಿ ಹರಿದೇ ಹಾಕಿದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಆ ಒಂದು ದಿನ.

ಎರಡು ವಾರ ಕಳೆದು ನಿಝಾಮ್ ನಮ್ಮ ಓಣಿಗೆ ಬಂದು ಆಟೋ ನಿಲ್ಲಿಸಿ ಬೊಬ್ಬೆ ಹೊಡೆದ. "ರಾಫಿಯಾಕ್ಕ, ನಿಮಗೆ ಎಂತ ಬೇರೆ ಕೆಲಸ ಇಲ್ವಾ? ಮಾಣಿಗೆ ಹೇರಿಕೊಂಡು ಹೋದದ್ದನ್ನೆಲ್ಲ ಮಾಣಿಯಿಂದ ಹೇರಿಕೊಂಡು ಬಂದೆ. ಆ ನೀಲಿ ಕೊಡೆಯ ಹೆಂಗಸು ಕೊಡೆಯಲ್ಲೇ ಹೊಡೆಯಲಿಕ್ಕೆ ಬಂದಳು ಗೊತ್ತುಂಟಾ?" ರಾಫಿಯಾ ಅವನಿಗೆ ಬೆಲ್ಲ ಹಾಕಿದ ಚಾ ಕೊಟ್ಟಳು. ಇನ್ನೊಂದು ಲೋಟವನ್ನೂ ಕೊಟ್ಟಳು.

ಮತ್ತೆ ರಂಜಿತನೇ ಕಾರಿನಲ್ಲಿ ಬಂದ. ಸೊಸೈಟಿಗಳಿಂದ ಆರ್ಡರು ಬಂದಿತ್ತು, ತುಂಬಿಸುವವರು ಇರಲಿಲ್ಲ. ನನ್ನ ಜಗಲಿಯಲ್ಲಿ ಕೂತು ಎದುರು ಮನೆಗೆ ಕೇಳದ ಹಾಗೆ ಮಾತಾಡಿದ. ವೆಂಕಪ್ಪನ ಮುಚ್ಚಿದ ಬ್ರಾಂಚನ್ನು ಬಾಡಿಗೆಗೆ ಹಿಡಿದಾಗಿದೆ, ಹಲಗೆ ನಲ್ಲಿ ಮಾಸ್ಕು ಎಲ್ಲ ಬರುತ್ತದೆ, ಓಣಿಯ ಎಲ್ಲರಿಗೂ ಕೆಲಸ ಉಂಟು.

"ಆದರೆ ರಾಫಿಯಾಕ್ಕ ಮಾತ್ರ ಬೇಡ ದೊಡ್ಡಮ್ಮ. ಅವರು ಕೂತಲ್ಲಿ ನಾಳೆ ಫ್ಯಾನು ಕೇಳ್ತಾರೆ, ನಾಡಿದ್ದು ಮತ್ತೊಂದು. ನೀವೇ ಮೆಲ್ಲ ಹೇಳಿ."

ನಾನು ಹೇಳಿದೆ. ಮೆಲ್ಲ ಹೇಳುವ ಅಭ್ಯಾಸ ನನಗಿಲ್ಲ, ಇದ್ದ ಹಾಗೆ ಹೇಳಿದೆ. ರಾಫಿಯಾ ಕೇಳಿ, "ಕೋಣೆ ಕೊಟ್ಟನಲ್ಲ" ಎಂದಳು.

ಬ್ರಾಂಚಿನ ಕೋಣೆಯಲ್ಲಿ ತಂಬಾಕಿನ ಘಾಟು ಗೋಡೆಗೇ ಹಿಡಿದಿತ್ತು. ಅದರ ಧೂಳು ದನದ ಪುಡಿಗೆ ಬೀಳಬಾರದು. ಓಣಿಯ ಹೆಂಗಸರೆಲ್ಲ ತೊಳೆಯಲು ಹೋದೆವು. ರಾಫಿಯಾ ಎಲ್ಲರಿಗಿಂತ ಮೊದಲು ಬಕೆಟು ಹಿಡಿದು ಬಂದಿದ್ದಳು. ತೊಳೆಯಲು ಬೇಡ ಎಂದು ಯಾರೂ ಹೇಳಿರಲಿಲ್ಲವಲ್ಲ. ವೆಂಕಪ್ಪ ಬಾಗಿಲಲ್ಲಿ ನಿಂತು, "ನನ್ನ ಕಾಲದಲ್ಲಿ ಒಂದು ದಿನ ಇದಕ್ಕೆ ಪೊರಕೆ ತಾಗಿಸಿದವರಲ್ಲ ನೀವು" ಎಂದ. "ನಿಮ್ಮ ಕಾಲದಲ್ಲಿ ನೀವೇ ಒಳಗಿದ್ದಿರಲ್ಲ, ಹೇಗೆ ತೊಳೆಯುವುದು?" ಎಂದು ಅವಳು ಕೇಳಿದಳು. ಕೋಣೆ ಪೂರ್ತಿ ಒಣಗುವವರೆಗೆ ಕಾದೆವು. ಹಲಗೆ ಹಾಕುವಾಗ ಹಳೆಯ ಅಭ್ಯಾಸದಿಂದ ನಾಲ್ಕು ಜನ ತಂಪಿನ ಮೂಲೆಗೇ ಎಳೆದರು. ರಾಫಿಯಾ ಹಲಗೆಯ ಆಚೆ ತುದಿ ಹಿಡಿದು ನಡುವಿಗೆ ಎಳೆದಳು.

ಕೆಲಸ ಶುರುವಾಗುವ ದಿನ ನಾವು ಹೋಗುವಾಗ ರಾಫಿಯಾ ಒಳಗೆ ಕೂತಿದ್ದಾಳೆ. ಕೈ ತೊಳೆದು, ಮಾಸ್ಕು ಹಾಕಿ, ತೂಕದ ಮೆಷಿನಿನ ಎದುರು. ತೃಪ್ತಿ ಗಾಬರಿಯಾದಳು.

"ರಾಫಿಯಾಕ್ಕ, ನಿಮ್ಮನ್ನು ಬೇಡ ಅಂದಿದ್ದಾರೆ."

"ನನಗೆ ಹೇಳಲಿಲ್ಲ. ಕಾಂತಿಅಕ್ಕನಿಗೆ ಹೇಳಿದ್ದು. ಬೇಕಿದ್ದರೆ ಕಾಂತಿಅಕ್ಕ ಎದ್ದು ಹೋಗಲಿ."

ನಾನು ಅವಳ ಪಕ್ಕದಲ್ಲೇ ಕೂತೆ. ಉಳಿದವರು ನಿಂತರು, ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಮಾಸ್ಕು ಹಾಕಿ ಕೂತರು. ತೃಪ್ತಿ ಕೊನೆಗೆ ಕೂತಳು.

ಸ್ವಲ್ಪ ಹೊತ್ತಿನಲ್ಲಿ ರಂಜಿತ್ ಬಂದ. ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದ. ಎಲ್ಲರ ಮುಖವೂ ಮುಚ್ಚಿದ್ದರಿಂದ ಗುರುತು ಹಿಡಿಯಲು ಸಮಯ ಬೇಕಾಯಿತು.

"ರಾಫಿಯಾಕ್ಕ, ಸ್ವಲ್ಪ ಹೊರಗೆ ಬನ್ನಿ."

"ಚೀಲದ ಬಾಯಿ ಬಿಚ್ಚಿ ಆಗಿದೆ. ತೆರೆದು ಬಿಟ್ಟು ಬರುವ ಹಾಗಿಲ್ಲ, ನಿಮ್ಮ ಶೆಡ್ಡಿನಲ್ಲೇ ನೋಡಿದ್ದು. ನೀವೇ ಬನ್ನಿ ಒಳಗೆ."

ಅವನು ಸಿಟ್ಟಿನಿಂದ ಒಂದು ಕಾಲು ಒಳಗಿಟ್ಟ.

"ರಂಜಿತಣ್ಣ, ಮಾಸ್ಕು!" ಎಂದಿತು ಒಂದು ಸ್ವರ. ರಾಫಿಯಾಳದ್ದಲ್ಲ. ತೃಪ್ತಿಯದ್ದು.

ಅವನು ಕಿಸೆಯಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದ.

"ಕರ್ಚೀಫು ಆಗುವುದಿಲ್ಲ" ಎಂದಳು ಮತ್ತೊಬ್ಬಳು. ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ನಾನೇ ಹೇಳಿದ್ದಿರಬೇಕು ಎಂದು ಆಮೇಲೆ ಎಲ್ಲರೂ ನನ್ನ ಮೇಲೆ ಹಾಕಿದರು.

ಅವನು ಒಳಗಿಟ್ಟ ಕಾಲನ್ನು ಹಿಂದೆ ತೆಗೆದ. ಹೊಸ್ತಿಲ ಹೊರಗೆ ನಿಂತು ನಮ್ಮನ್ನೆಲ್ಲ ನೋಡಿದ. ಯಾರೂ ಏಳಲಿಲ್ಲ, ಯಾರೂ ತಲೆ ತಗ್ಗಿಸಲಿಲ್ಲ. ತೂಕದ ಮೆಷಿನು ಪೀಂ ಪೀಂ ಎನ್ನುತ್ತಿತ್ತು. "ಸಂಜೆ ಮಾತಾಡುವ" ಎಂದು ಹೋದ.

ಸಂಜೆ ಬಂದ. ಮಾಸ್ಕು ಹಾಕಿಕೊಂಡು ಬಂದ. ಪ್ಯಾಕೆಟುಗಳನ್ನು ಎತ್ತಿ, ಬಾಯಿ ಅಂಟಿದ್ದು ನೋಡಿ, ತೂಕ ನೋಡಿ ಇಟ್ಟ. ರಾಫಿಯಾ ಒದ್ದೆ ಬಟ್ಟೆಯಲ್ಲಿ ಮೇಜು ಒರಸುತ್ತಿದ್ದಳು. ಬೆಳಗಿನ ಮಾತನ್ನು ಅವನು ಎತ್ತಲಿಲ್ಲ. ಹೊರಗೆ ಹೋಗಲು ತಿರುಗಿದ.

"ರಂಜಿತಣ್ಣ" ಎಂದು ಅವಳು ಕರೆದಳು.

ಅವನು ನಿಂತ. ಫ್ಯಾನು ಕೇಳುತ್ತಾಳೆ ಎಂದುಕೊಂಡಿರಬೇಕು.

"ಮಾಣಿಯಲ್ಲಿ ಕೋಣೆ ಯಾವಾಗ?"